ಮುಂದಿನ ತೂಕ

ಟ್ರ್ಯಾಕ್ಟರ್ ಸಣ್ಣದು. ನಮ್ಮೂರ ಎರಿ ಹೊಲದಾಗ ನಿಂತ್ರ
ಇದ್ಯಾರ ಮನಿ ಆಟಗಿ ಸಾಮಾನಂತ ಮಂದಿ ನಗತಿದ್ರು.
ಆದರ ಅಲ್ದೋನಾದ ಈ ಓಣಿಗೆ ದೊಡ್ಡದು ಬರೂದಿಲ್ಲ.
ಈ ಕಡೆ ಕೆಂಪು ಕಲ್ಲಿನ ಗ್ವಾಡಿ, ಆ ಕಡೆ ಸುಣ್ಣ ಬಳದ ಶಿಲುಬಿ,
ನಡುವ ಒಂದು ಎಮ್ಮಿ ಹೊಳ್ಳುವಷ್ಟು ಜಾಗ.

ಶುಕ್ರವಾರ ರಾತ್ರಿ ಬೀಸಿದ ಗಾಳಿಗೆ
ಎಸ್ಪೆರಾನ್ಸಾ ಬಾಯಿಯ ಮಾವಿನ ಗಿಡ ಬಿತ್ತು,
ಬಾವಿಕಟ್ಟಿ ಬಿಟ್ಟು, ಹಂದಿಗೂಡು ಬಿಟ್ಟು
ಸರಿಯಾಗಿ ಪಾಯಖಾನಿ ಮ್ಯಾಲ.
ಮುತ್ತಜ್ಜ ಹಚ್ಚಿದ್ದು ಅಂತ ಕೊಂಕಣಿಯೊಳಗ ಅತ್ತಳು.
ಆಮ್ಯಾಲ ದುಡ್ಡಿನ ಮಾತು ಹಿಂದಿಯೊಳಗ.

ಗರಗಸದಾಂವ ಏಳು ತುಂಡು ಮಾಡಿ ಹೋದ.
ಆರು ತುಂಡು ಮಾತು ಕೇಳಿದುವು.
ಸರಪಳಿ ಹಾಕಿ ಎಳದರ ಸಂತಿಯಿಂದ ತಂದ ಹೋರಿಯಂಗ
ತುಸು ಮಗ್ಗಲಿಗೆ ಜಗ್ಗಿಕೋತ ಬಂದುವು.
ಏಳನೇದು ಬುಡದ್ದು.
ದ್ಯಾಮಣ್ಣ ಕ್ಲಚ್ ಬಿಟ್ಟ ಕೂಡ್ಲೆ
ಬುಡ ಅಲ್ಲೇ ಕುಂತಿತು, ಟ್ರ್ಯಾಕ್ಟರ್ ಎದ್ದು ನಿಂತಿತು,
ಮುಂದಿನ ಗಾಲಿ ಎರಡೂ ಮುಗಿಲಿಗೆ ಕೈ ಮುಗದಂಗ.

"ಫಕೀರವ್ವಾ, ಬಾ ಇಲ್ಲೆ. ಮುಂದ ಕುಂದ್ರು."

ಬಂಪರ್ ಮ್ಯಾಲ ಗೋಣಿಚೀಲ ಹಾಸಿದ. ಕುಂತೆ.
ಬೆನ್ನಿಗೆ ಇಂಜಿನ್ನಿನ ಕಾವು,
ತಣ್ಣನ ದಿನಾ ಒಲಿಗೆ ಬೆನ್ನು ಕೊಟ್ಟಂಗ.

ಹೆಣ್ಣು ನೋಡಾಕ ಬಂದಾಗ ನಮ್ಮತ್ತಿ ಅಂದಿದ್ಲು,
"ಹುಡುಗಿ ತುಸು ತೂಕ ಆತು."
ಮಾಪ್ಸಾದ ಬಾಡಿಗಿ ಖೋಲಿಯಾಗ ಮಂಚ ಮುರದಾಗ
ಗಂಡ ಮಂಚ ನೋಡಲಿಲ್ಲ, ನನ್ನ ನೋಡಿದ.
ಇವತ್ತ ಯಾರೋ ನನ್ನ ತೂಕಕ್ಕ ಪಗಾರ ಕೊಡಾಕತ್ತಾರ.

ಸಾಕಾಗಲಿಲ್ಲ.
ನನ್ನ ಸಮೇತ ಎದ್ದಿತು ಅದು. ಕಾಲು ನೆಲಾ ಬಿಟ್ಟುವು,
ಗ್ವಾಡಿ ಆಚೆ ಹೊಳಿ ಕಂಡಿತು,
ಹೊಳಿಯಾಗೊಂದು ದೋಣಿ, ದೋಣಿಯಾಗೊಬ್ಬ
ಬೀಡಿ ಹಚ್ಚಾಕ ತಲಿ ಬಗ್ಗಿಸಿದ್ದ.
ಮೂರು ವರ್ಷ ಈ ಓಣಿಯಾಗ ಭಾಂಡಿ ತಿಕ್ಕೀನಿ,
ಹೊಳಿ ಇಷ್ಟ ಹತ್ತಿರ ಅಂತ ಗೊತ್ತಿರಲಿಲ್ಲ.
ಧಪ್ ಅಂತ ಕೆಳಗ ಬಂದೆ. ಹಲ್ಲು ನಾಲಿಗಿ ಕಚ್ಚಿತು.

ಎಸ್ಪೆರಾನ್ಸಾ ಬಾಯಿ ಹೊರಗ ಬಂದು ನೋಡಿದಳು.
ಎರಡು ದಿನದ ಮ್ಯಾಲ ಮೊದಲ ಸಲ ನಕ್ಕಳು.
ಗಿಡದ ಕೂಡ ಬಿದ್ದ ಕಾಯಿ ಒಂದು ಬಕೀಟು ತಂದು
ನನ್ನ ಉಡಿಯಾಗ ಸುರುವಿದಳು, "ಇವನ್ನೂ ತೂಕಕ್ಕ ಹಿಡಕೋ."

ದ್ಯಾಮಣ್ಣ ನಗಲಿಲ್ಲ. ಇಳದು ಬಂದ,
ಸರಪಳಿ ಬಿಚ್ಚಿ ಒಂದು ಗೇಣು ಕೆಳಗ ಕಟ್ಟಿದ.
ಮ್ಯಾಲ ಕಟ್ಟಿದರ ಗಾಡಿ ಹಿಂದಕ್ಕ ಹೊಳ್ಳಿ ಬೀಳತೈತಿ,
ಕೆಳಗ ಕಟ್ಟಿದರ ನೆಲಾ ಹಿಡೀತೈತಿ.
ಇಷ್ಟು ಕಲಿಯಾಕ ಅವನ ಗೆಳ್ಯಾ ಒಬ್ಬ ಹೋದ.
ಅದನ್ನ ಅಂವ ಹೇಳೂದಿಲ್ಲ,
ಕೊಕ್ಕಿ ಮಾತ್ರ ಎರಡೆರಡು ಸಲ ಮುಟ್ಟಿ ನೋಡ್ತಾನ.
ಬುಡದ ಮೂಗಿನ ಕೆಳಗ ಮಣ್ಣು ತೋಡಿ
ಒಂದು ದುಂಡನೆ ಟೊಂಗಿ ತುರಕಿದ. "ಹೂಂ."

ಬುಡ ಕದಲಿತು. ಒಮ್ಮೆ ಕದಲಿದ್ದು ಮತ್ತ ನಿಲ್ಲಲಿಲ್ಲ.

ಏರಿಸೂದು ಸರಳ, ನೋಡಿದವರಿಗೆ.
ಟ್ರೇಲರಿಗೆ ಎರಡು ಹಲಿಗಿ ಆನಿಸಿ,
ಹಗ್ಗ ದಿಮ್ಮಿಯ ಕೆಳಗ ಹಾಯಿಸಿ, ಮ್ಯಾಲೆ ತಂದು,
ಆಚಿ ಕಡೆಯಿಂದ ಟ್ರ್ಯಾಕ್ಟರ್ ಸಾವಕಾಶ ಎಳದರ
ಹಾಸಿಗಿ ಸುತ್ತಿದಂಗ ತಾನ ಉಳ್ಳಿಕೋತ ಹತ್ತತೈತಿ.
ನಡುವ ಯಾರೂ ಕೆಳಗ ನಿಂದ್ರಬಾರದು.
ಎಸ್ಪೆರಾನ್ಸಾ ಬಾಯಿಯ ನಾಯಿ ನಿಂತಿತ್ತು. ಎಲ್ಲಾರೂ ಒದರಿದಿವಿ,
ಕನ್ನಡ, ಕೊಂಕಣಿ, ಹಿಂದಿ. ನಾಯಿ ಕೊಂಕಣಿಗೆ ಸರದಿತು.

ಮಾಪ್ಸಾದ ಕಾಟಾ. ಈ ಮರ ಮೀನಿನ ಪೆಟ್ಟಿಗಿಗೆ ಹೋಗತೈತಂತ.
ಕೆಂಪು ಅಂಕಿ ಓಡಿ ಓಡಿ ನಿಂತುವು.
ಕಿಡಕಿಯಿಂದ ಹುಡುಗ ಕೈ ಬೀಸಿದ, "ಮಂದಿ ಇಳೀರಿ, ಮಂದಿ."
ಉಡಿ ಹಿಡಕೊಂಡು ಇಳದೆ.
ಎಪ್ಪತ್ತು ಕಿಲೋ ಗಪ್ಪನ ಕಡಿಮಿ ಆತು.
ಹುಡುಗ ಅಷ್ಟು ಬಿಟ್ಟು ಚೀಟಿ ಬರದ.
ಕಾಯಿ ಎಷ್ಟು, ನಾ ಎಷ್ಟು, ಅಂವ ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಹೊಳ್ಳಿ ಬರೂವಾಗ ಟ್ರೇಲರ್ ಖಾಲಿ,
ತೆಗ್ಗು ಬಂದಾಗೆಲ್ಲ ತಗಡು ಕುಣೀತಿತ್ತು.
ದ್ಯಾಮಣ್ಣ ಗೋಣು ತಿರುವಿ ಅಂದ,
"ಯವ್ವಾ, ಹಿಂದ ಹೋಗಿ ಕುಂದ್ರು. ಹಾರಾಕತ್ತೈತಿ."

ಹೋದೆ.
ಉಪ್ಪಿಲ್ಲದ ಒಂದು ಕಾಯಿ ಕಚ್ಚಿದೆ.
ಹುಳಿ ಕಣ್ಣಿಗೆ ಏರಿತು.